ಬೇಡವೆಂದ ಮಡಿಲಕ್ಕಿ

ಟೀವಿಯಲ್ಲಿ ಸರೊಗಸಿ ಬಗ್ಗೆ ಡಿಬೇಟ್ ಬಂದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಒಬ್ಬರು ಎಕ್ಸ್‌ಪ್ಲಾಯ್ಟೇಷನ್ ಎನ್ನುತ್ತಾರೆ, ಇನ್ನೊಬ್ಬರು ಅದು ಅವಳ ಚಾಯ್ಸ್ ಎನ್ನುತ್ತಾರೆ. ನನ್ನ ಮಗಳನ್ನು ಹೊತ್ತವಳು ಇಬ್ಬರ ಮಾತಿನಲ್ಲೂ ನನಗೆ ಸಿಗುವುದಿಲ್ಲ.

ಮದುವೆಯಾದ ಕೆಲವೇ ವರ್ಷಗಳಲ್ಲಿ ನನ್ನ ಗರ್ಭಕೋಶ ತೆಗೆದಿದ್ದರು. ಎರಡು ಸಾವಿರದ ಇಸವಿ ಕಳೆದ ಮೇಲೆ ಬೆಂಗಳೂರಿನ ಡಾಕ್ಟರೊಬ್ಬರು, ಮಗು ನಿಮ್ಮಿಬ್ಬರದೇ, ಹೊರುವವರು ಮಾತ್ರ ಬೇರೆ ಎಂದರು. ಈಗ ದುಡ್ಡು ಕೊಟ್ಟು ಹೊರಿಸುವಂತಿಲ್ಲ. ಆಗ ಕಾನೂನೇ ಇರಲಿಲ್ಲ, ಒಂದು ಅಗ್ರಿಮೆಂಟ್ ಅಷ್ಟೆ. ಮೊಳಕಾಲ್ಮುರಿನ ನೇಕಾರರ ಮನೆಯ ಹೆಂಗಸೊಬ್ಬಳು ಒಪ್ಪಿದಳು. ಎರಡು ಮಕ್ಕಳ ತಾಯಿ. ಗಂಡ ಹೆಂಡತಿ ಇಬ್ಬರೂ ಸಾಹುಕಾರರ ಮಗ್ಗದಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯುತ್ತಿದ್ದರು. ಸ್ವಂತ ಮಗ್ಗ ಹಾಕಬೇಕೆಂದು ಅವಳಿಗೆ ಆಸೆ.

“ರೇಷ್ಮೆ ನಿಮ್ದು, ಸೀರೆನೂ ನಿಮ್ದೇ ಅಕ್ಕ. ನೇದು ಕೊಡೋದು ನಮ್ಗೇನು ಹೊಸದಾ?” ಎಂದು ನಕ್ಕಿದ್ದಳು. ಆ ಮಾತು ನನಗೂ ಕಂಫರ್ಟಬಲ್ ಆಗಿತ್ತು.

ಚಳ್ಳಕೆರೆಯ ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಅವಳನ್ನು ಇಟ್ಟುಕೊಂಡಿದ್ದೆವು. ಏಳು ತಿಂಗಳಾದಾಗ ಹಸಿರು ಬಳೆ, ರವಿಕೆ ಕಣ, ಕೊಬ್ಬರಿ ಬಟ್ಟಲು, ಅಕ್ಕಿ ಎಲ್ಲ ತಂದೆ. ಕಾನ್ವೆಂಟಿನಲ್ಲಿ ಓದಿದವಳಿಗೆ ಇದೆಲ್ಲ ಹೇಗೆ ಗೊತ್ತೋ ಎಂದು ಅತ್ತೆ ಮೊದಲು ರೇಗಿಸಿದರು. ಮಡಿಲು ತುಂಬುವುದು ಅವಳಿಗೆ ಎಂದು ತಿಳಿದಾಗ ದನಿ ಬದಲಾಯಿತು.

“ಬಾಡಿಗೆ ಮನಿಗೆ ಯಾರಾದ್ರೂ ಗೃಹಪ್ರವೇಶ ಮಾಡ್ತಾರೇನೆ?”

ನಾನು ತಲೆ ತಗ್ಗಿಸಿದೆ. ಅವಳು ಮಾತ್ರ ನಗುತ್ತಲೇ ಇದ್ದಳು. “ಸುಣ್ಣನಾದ್ರೂ ಬಳೀತಾರಲ್ಲ ಅಮ್ಮಾರೆ. ಬಳೆ ತೊಡಿಸ್ಲಿ ಬಿಡ್ರಿ.” ಆಮೇಲೆ ನನ್ನ ಕಡೆ ತಿರುಗಿದಳು. “ಮಡ್ಲಿಗೆ ಅಕ್ಕಿ ಮಾತ್ರ ಹಾಕಬ್ಯಾಡ್ರಿ ಅಕ್ಕ. ಮಡ್ಲು ತುಂಬಿದ್ಮ್ಯಾಲೆ ನನ್ ಕೈಲಿ ಕೊಡಾಕಾಗಲ್ಲ.”

ಕೊನೆಗೆ ಮಣೆಯ ಮೇಲೆ ಕುಳಿತವಳು ನಾನು. ಅವಳೇ ಬೊಗಸೆಯಲ್ಲಿ ಅಕ್ಕಿ ತಂದು ನನ್ನ ಸೆರಗಿಗೆ ಸುರಿದಳು. ಬಗ್ಗಿದಾಗ ಅವಳ ಹೊಟ್ಟೆ ನನ್ನ ಭುಜಕ್ಕೆ ತಾಗಿತು. ಒಳಗಿನ ಒದೆತ ಇಬ್ಬರಿಗೂ ತಿಳಿಯಿತು.

ಹೆರಿಗೆ ಬೆಂಗಳೂರಿನಲ್ಲಾಯಿತು. ಅವಳು ಮಗುವಿನ ಮುಖ ನೋಡಲು ಒಪ್ಪಲಿಲ್ಲ. “ಹೆಣ್ಣಾ?” ಎಂದು ಕೇಳಿ ಗೋಡೆಯ ಕಡೆ ಹೊರಳಿದಳಂತೆ.

ಮಗಳಿಗೆ ವರ್ಷ ತುಂಬಿದ ಮೇಲೆ ನಾನೊಬ್ಬಳೇ ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋದೆ. ಸ್ವಂತ ಮಗ್ಗ ಬಂದಿತ್ತು. ಅವಳು ಮಗ್ಗದ ಗುಂಡಿಯಿಂದೆದ್ದು ಬಂದು ಚಾಪೆ ಹಾಸಿದಳು.

“ಮಲಗೋದು ಯಾವ ಮಗ್ಗುಲಿಗೆ ಅಕ್ಕ?”

“ಎಡಕ್ಕೆ.”

“ಹೊಟ್ಯಾಗೂ ಹಂಗೇ ಇತ್ತು. ಬಲಕ್ಕೆ ಹೊರಳಿದ್ರೆ ಒದೀತಿತ್ತು, ರೌಡಿ.”

ಇದೇ ಸಮಯವೆಂದು ಪರ್ಸಿನಿಂದ ಫೋಟೊ ತೆಗೆಯಹೋದೆ. ಅವಳು ನನ್ನ ಕೈ ಹಿಡಿದುಕೊಂಡಳು. “ವದ್ದು ಅಕ್ಕಾ, ಬ್ಯಾಡ. ನೀವು ಬರ್ರಿ, ಮಾತಾಡಾನ. ಮುಖ ಮಾತ್ರ ತೋರಿಸಬ್ಯಾಡ್ರಿ. ಮನಸು ಬಂದ್ರೆ ನಾನೇ ಫೋನ್ ಮಾಡ್ತೀನಿ.”

ಮತ್ತೊಮ್ಮೆ ಹೋದಾಗ ಆ ಮನೆಗೆ ಬೀಗ. ಮಗ್ಗ ನಡೆಯದೆ ಕೆಲಸ ಹುಡುಕಿಕೊಂಡು ಆಂಧ್ರದ ಕಡೆ ಹೋದರೆಂದು ಪಕ್ಕದವರು ಹೇಳಿದರು. ಊರು ಯಾವುದೆಂದು ಅವರಿಗೂ ತಿಳಿಯದು.

ಕಾನೂನು ಮಾಡುವವರು ದುಡ್ಡು ಕೊಡಬಹುದೇ ಕೊಡಬಾರದೇ ಎಂದು ಆರ್ಗ್ಯೂ ಮಾಡುತ್ತಾರೆ. ದುಡ್ಡು ಕೊಟ್ಟಿದ್ದಕ್ಕೆ ನನಗೆ ನಾಚಿಕೆಯಿಲ್ಲ, ಅವಳಿಗೆ ಅದು ಬೇಕಿತ್ತು. ಆದರೆ ಕೊಟ್ಟ ಮೇಲೆ ನಾವು ಪರಸ್ಪರ ಯಾರೂ ಅಲ್ಲವೆಂದು ಅಗ್ರಿಮೆಂಟಿನಲ್ಲಿತ್ತಲ್ಲ, ಅದನ್ನು ನಾನು ಒಪ್ಪಲಾರೆ.

ಮಗಳಿಗೆ ಎಲ್ಲ ಹೇಳಿದ್ದೇನೆ. ಹುಡುಕೋಣ ಮಮ್ಮಿ ಎನ್ನುತ್ತಾಳೆ. ಅವಳಾಗಿ ಕರೆಯಲಿ ಎನ್ನುತ್ತೇನೆ. ನಮ್ಮ ಬೀದಿಯಲ್ಲಿ ಎಲ್ಲರೂ ಲ್ಯಾಂಡ್‌ಲೈನ್ ತೆಗೆಸಿದ್ದಾರೆ, ನಾನು ತೆಗೆಸಿಲ್ಲ. ಅವಳ ಹತ್ತಿರ ಇರುವುದು ಅದೊಂದೇ ನಂಬರ್.