ಜೆರಾಕ್ಸ್ ರೂಮಿನ ಇಂಗ್ಲಿಷ್ ಟೀಚರ್

ಗಲ್ಫ್‌ನ ಆ ಶಾಲೆಯಲ್ಲಿ ಅಡ್ಮಿಷನ್ ಸೀಸನ್ ಬಂತೆಂದರೆ ನನಗೆ ಜೆರಾಕ್ಸ್ ರೂಮಿಗೆ ವರ್ಗ.

ತಮಾಷೆ ಮಾಡುತ್ತಿಲ್ಲ. ಪೋಷಕರು ಕ್ಲಾಸು ನೋಡಲು ಬರುವ ದಿನ ಪ್ರಿನ್ಸಿಪಾಲರು ನಗುನಗುತ್ತಾ, ‘ಇವತ್ತು ನಿಮಗೆ ರೆಸ್ಟ್’ ಎನ್ನುತ್ತಿದ್ದರು. ನಾನು ಬರೆದ ಲೆಸನ್ ಪ್ಲಾನ್ ಹಿಡಿದು ನನ್ನ ಕ್ಲಾಸಿನಲ್ಲಿ ನಿಲ್ಲುತ್ತಿದ್ದವನು ಈಜು ಕಲಿಸುವ ಬಿಳಿ ತೊಗಲಿನ ಮೇಷ್ಟ್ರು. ಇಂಗ್ಲಿಷ್ ಅವನ ಮಾತೃಭಾಷೆಯೂ ಆಗಿರಲಿಲ್ಲ. ನಡುವೆ ಓಡಿಬಂದು, ‘ಈ ಪದ್ಯದ ಅರ್ಥ ಏನು?’ ಎಂದು ನನ್ನನ್ನೇ ಕೇಳುತ್ತಿದ್ದ. ಹೇಳಿ ಕಳಿಸುತ್ತಿದ್ದೆ.

ಗುಂಡ್ಲುಪೇಟೆಯ ಕಪ್ಪು ಮುಖ ಬ್ರೋಷರಿಗೆ ಒಗ್ಗುವುದಿಲ್ಲವಲ್ಲ. ಆರು ವರ್ಷ ಸಹಿಸಿದೆ. ಯಾಕೆ ಅಂತೀರಾ? ಪರದೇಶ, ವೀಸಾ ಅವರ ಕೈಯಲ್ಲಿದೆ, ತೆಪ್ಪಗಿರು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. (ಹೇಡಿತನಕ್ಕೆ ನಾವು ಇಟ್ಟಿರುವ ಮರ್ಯಾದೆಯ ಹೆಸರು ಅಡ್ಜಸ್ಟ್‌ಮೆಂಟ್.)

ಈಗ ಊರಿಗೆ ವಾಪಸ್ ಬಂದಾಗಿದೆ. ಕಳೆದ ವಾರ ಇಲ್ಲಿನ ಒಂದು ಖಾಸಗಿ ಶಾಲೆಯ ಸೆಕ್ರೆಟರಿ ಮನೆಗೇ ಬಂದರು. ಇಂಗ್ಲಿಷ್ ಟೀಚರ್ ಕೆಲಸಕ್ಕೆ ಇಂಟರ್‌ವ್ಯೂ ಇದೆಯಂತೆ, ಬಂದವರಿಗೆ ಅಂಕ ಹಾಕಲು ನಾನು ಕೂರಬೇಕಂತೆ.

"ಫಾರಿನ್‌ನಲ್ಲಿ ಪಾಠ ಮಾಡ್ದೋರು ನೀವು. ಬಂದು ಕೂತ್ಕಂಡ್ರ ನಮ್ಗೂ ಒಂದು ತೂಕ" ಎಂದರು.

ಉಬ್ಬಿಹೋದೆ. ಹೋದ ಕೂಡಲೇ ಕಾಫಿ ಬಂತು. ಕಾಫಿಯ ಹಿಂದೆಯೇ ಅಂಕಪಟ್ಟಿ, ಪೂರಾ ಖಾಲಿ. "ಮೊದ್ಲೇ ಒಂದು ಸೈನ್ ಹಾಕ್ಬುಡಿ ಮೇಡಂ, ಆಮೇಕ ಗಡಿಬಿಡಿ ಆಯ್ತದ." ನಮ್ಮ ಕಡೆ ಇದು ಮಾಮೂಲು. ಮೊದಲು ಸಹಿ, ಆಮೇಲೆ ಪರೀಕ್ಷೆ. ಎದುರು ಮಾತಾಡಿದರೆ ದೊಡ್ಡವರಿಗೆ ಬೇಜಾರಾದೀತು ಎಂದು ಹಾಕಿಬಿಟ್ಟೆ.

ಬಂದವರು ಇಬ್ಬರು. ಒಬ್ಬರು ಊಟಿಯ ಕಾನ್ವೆಂಟಿನಲ್ಲಿ ಓದಿದವರು. ಇನ್ನೊಬ್ಬಳು ಪಕ್ಕದ ಹಳ್ಳಿ ಹಂಗಳದ ಚಂದ್ರಕಲಾ, ಎಂ.ಎ., ಬಿ.ಎಡ್. ಬೆಳಿಗ್ಗೆ ಹೊಲದಲ್ಲಿ ಚೆಂಡು ಹೂ ಕಿತ್ತು, ಬಸ್ ಹಿಡಿದು ಬಂದಿದ್ದಳು.

ಇಬ್ಬರೂ ಐದನೇ ಕ್ಲಾಸಿಗೆ ಪಾಠ ಮಾಡಿ ತೋರಿಸಬೇಕಿತ್ತು. ಊಟಿಯವರು ಪಾಠ ಓದಿದರು, ಮಕ್ಕಳು ಕೈಕಟ್ಟಿ ಕೂತವು. ಚಂದ್ರಕಲಾ ಪುಸ್ತಕ ಮುಚ್ಚಿ, ‘ಹೊಲಕ್ಕೆ ಆನೆ ಬಂದರೆ ನಿಮ್ಮ ಮನೆಯವರು ಏನು ಮಾಡ್ತಾರೆ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟೇ. ಕಾಡಂಚಿನ ಮಕ್ಕಳಿಗೆ ಆನೆ ಕಥೆ ಹೇಳಿಕೊಡಬೇಕೇ? ತಪ್ಪೋ ಒಪ್ಪೋ, ಮುಗಿಬಿದ್ದು ಇಂಗ್ಲಿಷಿನಲ್ಲೇ ಹೇಳಿದವು. ನನ್ನ ಕ್ಲಾಸಿನಲ್ಲಿ ಅಂಥ ಗದ್ದಲ ಎದ್ದದ್ದು ನೆನಪಿಲ್ಲ. ಹೊಟ್ಟೆಕಿಚ್ಚಾಯಿತು, ಖುಷಿಯೂ ಆಯಿತು.

ಸೆಕ್ರೆಟರಿಗೂ ಹಿಡಿಸಿತ್ತು. ಕೋಣೆಗೆ ಬಂದು ಹೇಳಿದರು:

"ಹುಡ್ಗಿ ಚೆನ್ನಾಗೇ ಮಾಡುದ್ಲು ಬುಡಿ. ಆದ್ರ ಹಂಗಳದವ್ಳು ಅಂದ್ರ ಯಾರು ಮಕ್ಕಳ್ನ ಸೇರುಸ್ತಾರ? ಊಟಿ ಮಿಸ್ಸು ಅಂದ್ರ ಅದ್ರ ಗತ್ತೇ ಬ್ಯಾರ. ಇವ್ಳು ಆಫೀಸ್ನಲ್ಲಿ ಕೂತ್ಕಂಡು ಮಿಸ್ಸಿಗ ನೋಟ್ಸ್ ಬರ್ಕೊಡ್ಲಿ."

ಮೈಯೆಲ್ಲಾ ಉರಿದುಹೋಯಿತು. ಊಟಿಯ ಆ ಹೆಣ್ಣುಮಗಳ ಮೇಲೆ ನನಗೆ ಸಿಟ್ಟಿಲ್ಲ, ಅವರ ಹೊಟ್ಟೆಪಾಡು ಅವರದು. ಸಿಟ್ಟು ಈ ಮನುಷ್ಯನ ಮೇಲೆ. ಪಕ್ಕದೂರಿನ ಹುಡುಗಿ ತಮ್ಮ ಮಗುವಿಗೆ ಇಂಗ್ಲಿಷ್ ಕಲಿಸಿದರೆ ಮುಖ ಸಿಂಡರಿಸುವ ನಮ್ಮ ಅಪ್ಪ ಅಮ್ಮಂದಿರ ಮೇಲೆ. ಎಲ್ಲಕ್ಕಿಂತ ಹೆಚ್ಚು, ನನ್ನ ಮೇಲೆ. ಈ ಶಾಲೆಯವರು ನನ್ನನ್ನು ಕರೆದದ್ದಾದರೂ ಯಾತಕ್ಕೆ? ನಾನು ಪಾಠ ಮಾಡಿದ್ದನ್ನು ಇವರ‍್ಯಾರೂ ನೋಡಿಲ್ಲ. ನೋಡಿದ್ದು ನನ್ನ ಫಾರಿನ್ ಒಂದನ್ನೇ.

ಅಂಕಪಟ್ಟಿ ಎಳೆದುಕೊಂಡು ನನ್ನ ಸಹಿಯನ್ನು ಗೀಚಿ ಹೊಡೆದುಹಾಕಿದೆ. "ಯಾಕ ಮೇಡಂ ಇಷ್ಟಕ್ಕೆಲ್ಲ ಕ್ವಾಪ" ಎನ್ನುತ್ತಾ ಸೆಕ್ರೆಟರಿ ಡ್ರಾಯರಿನಿಂದ ಇನ್ನೊಂದು ಖಾಲಿ ಹಾಳೆ ತೆಗೆದರು. ಅದಕ್ಕೆ ಸಹಿ ಹಾಕುವವರು ಸಿಗುವುದಿಲ್ಲವೇ? ಊಟಿಯವರು ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದಾರೆ.

ಆಚೆ ಚಂದ್ರಕಲಾ ಕಾಯುತ್ತಿದ್ದಳು. ಒಳಗೆ ನಡೆದದ್ದನ್ನು ಹೇಳಿದೆ. ಸಮಾಧಾನ ಮಾಡಲು ನನ್ನ ಗಲ್ಫ್ ಕಥೆಯನ್ನೂ ಹೇಳಿದೆ. ನನಗೂ ಹೀಗೇ ಆಗಿತ್ತು ಕಣಮ್ಮಾ, ಆರು ವರ್ಷ ತಡೆದುಕೊಂಡೆ, ನೀನೂ ಸ್ವಲ್ಪ ತಾಳು ಎಂದೆ.

ಅವಳು ಅಳಲಿಲ್ಲ. ಫೈಲು ಬ್ಯಾಗಿಗೆ ಹಾಕಿಕೊಂಡು ನೆಟ್ಟಗೆ ನನ್ನ ಮುಖ ನೋಡಿದಳು.

"ಅದು ಯಾರ್ದೋ ದೇಸ ಕಣಕ್ಕ, ನೀವು ತಡ್ಕಂಡ್ರಿ. ನಮ್ಮೂರಲ್ಲಿ ನಾನ್ಯಾಕ ತಡ್ಕಬೇಕು?"