ಗುಡ್ಡದ ವಿಲ್ಲಾದ ಮಾದಮ್ಮ

ಹಳೇಬೀಡಿನ ಕೆರೆಗೆ ಮುಖ ಮಾಡಿ ಗುಡ್ಡದ ಮೇಲೆ ನಿಂತಿರುವ ಐಷಾರಾಮಿ ವಿಲ್ಲಾವನ್ನು ನೋಡಿಕೊಳ್ಳುವ ಮಾದಮ್ಮನಿಗೆ, ಅಲ್ಲಿಗೆ ಬರುವವರು ಒಂದು ರಾತ್ರಿಯ ಬಾಡಿಗೆಯವರು ಎಂಬುದು ಇಂದಿಗೂ ಮನದಟ್ಟಾಗಿಲ್ಲ. ಕಾರು ನಿಂತೊಡನೆ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸುತ್ತಾಳೆ. ಅತಿಥಿಗಳು ಈಜುಕೊಳದ ಅಂಚಿನಲ್ಲಿ ನಿಂತು ಕೆರೆಯ ಫೋಟೊ ತೆಗೆಯುವಾಗ ಸೀದ ಹಾಲಿನ ವಾಸನೆ ಅಲ್ಲಿಯವರೆಗೂ ಬರುತ್ತದೆ. "ಇದೇನು ದಿನಾ ಗೃಹಪ್ರವೇಶನಾ ಮಾದಮ್ಮ?" ಎಂದು ಮ್ಯಾನೇಜರ್ ಶರತ್ ರೇಗಿದರೆ, "ಹಾಲುಕ್ಸದ ಮನೇಲಿ ಯಾರಿಗಾದ್ರೂ ನಿದ್ದೆ ಬತ್ತೈತಾ? ನೀ ಸುಮ್ಕಿರಪ್ಪ" ಎನ್ನುತ್ತಾಳೆ. ಹೊರಡುವ ಹೆಂಗಸರಿಗೆ ಕುಂಕುಮ ಕೊಟ್ಟು, "ಮನೆ ಮರೀಬ್ಯಾಡಿ" ಎಂದು ಗದರುತ್ತಾಳೆ. ಮದುವೆಯಾದಾಗಿನಿಂದ ಅವಳು ಬದುಕಿದ್ದೆಲ್ಲ ಪರರ ಹಿತ್ತಿಲ ಕೋಣೆಗಳಲ್ಲಿ. ಈಗಿರುವುದು ಈ ವಿಲ್ಲಾದ ಜನರೇಟರ್ ಪಕ್ಕದಲ್ಲಿ. ತನ್ನದೊಂದು ಮನೆ ಆಗುವುದೇ ಇಲ್ಲವೇನೋ ಎಂಬ ಅಂಜಿಕೆಯನ್ನು, ಆಗಾಗ ಬಂದು ಇಲ್ಲಿ ತಂಗುವ ನನ್ನೆದುರು ಒಮ್ಮೆ ಮಾತ್ರ ಆಡಿದ್ದಳು. ಈ ವರ್ಷ ಗುಡ್ಡದ ಬುಡದಲ್ಲಿ ಅವಳಿಗೊಂದು ನಿವೇಶನ ಮಂಜೂರಾಯಿತು. ಮೊನ್ನೆ ನೋಡಲು ಹೋದೆ. ತಳಪಾಯದ ಮೇಲೆ ಬಾಗಿಲಿನ ಚೌಕಟ್ಟು ಒಂದೇ ನಿಂತಿತ್ತು, ಗೋಡೆಗಳು ಇನ್ನೂ ಎದ್ದಿರಲಿಲ್ಲ. ನಾನು ಹತ್ತಿರವೆಂದು ಪಕ್ಕದಿಂದ ಹತ್ತಹೊರಟೆ. "ಅಯ್ಯೋ, ಅಲ್ಲಿ ಗೋಡೆ ಐತೆ ಕಣ್ರೀ ಮೇಡಂ! ಬಾಗಿಲಾಗೆ ಬನ್ನಿ" ಎಂದು ಕೂಗಿದಳು. ನಾನು ಸುತ್ತಿ ಬಂದು, ಚಪ್ಪಲಿ ಬಿಟ್ಟು, ಬಾಗಿಲಿನಿಂದಲೇ ಒಳಗೆ ಹೋದೆ.