ಬಚ್ಚಲುಮನೆಯ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ

ಬೆಳಗಿನ ಐದೂವರೆ. ಬಚ್ಚಲುಮನೆಯ ಮುಚ್ಚಿದ ಬಾಗಿಲ ಹಿಂದೆ, ಕಗ್ಗತ್ತಲಲ್ಲಿ, ರೀಲಕ್ಕ ಜೋರಾಗಿ ಸೆಕೆಂಡು ಎಣಿಸುತ್ತಿದ್ದಾರೆ. ನೂರಾ ಹತ್ತು, ನೂರಾ ಹನ್ನೊಂದು. ಬಕೆಟ್ಟಿನ ಔಷಧಿ ನೀರಿನಲ್ಲಿ ಅವರ ಕೈಗಳು ಮೂವತ್ತು ಮೀಟರ್ ಫಿಲ್ಮನ್ನು ಮಗುಚುತ್ತಿವೆ. ಒಂದೆಳೆ ಬೆಳಕು ಒಳಗೆ ಹೋದರೂ ಕೆಲಸ ಕೆಟ್ಟಂತೆ. ಅವರಲ್ಲಿ ಕೆಲಸ ಕಲಿಯಲು ಬರುವ ನಾನು ಹೊರಗೆ ಸ್ಟೂಲಿನ ಮೇಲೆ ಕುಳಿತಿದ್ದೇನೆ.

ಪ್ರಯೋಗದ ಕಿರುಚಿತ್ರ ಮಾಡುವವರಿಗೆಲ್ಲ ಫಿಲ್ಮ್ ತೊಳೆದುಕೊಡುವವರು ಇವರೇ. ಹತ್ತೊಂಬತ್ತು ವರ್ಷ ದುಡಿದ ಲ್ಯಾಬ್ ಮುಚ್ಚಿದ ಮೇಲೆ ಮನೆಯ ಬಚ್ಚಲೇ ಲ್ಯಾಬ್ ಆಗಿದೆ. ವಾರಕ್ಕೆ ಆರು ರೀಲು. ಒಂದು ರೀಲೆಂದರೆ ಮೂರು ನಿಮಿಷಕ್ಕೂ ಕಡಿಮೆ ಚಿತ್ರ. "ಈ ಹೊತ್ತಲ್ಲಿ ನಲ್ಲಿ ನೀರು ತಣ್ಣಗಿರುತ್ತೆ, ಜೋರಾಗೂ ಬರುತ್ತೆ," ಎನ್ನುತ್ತಾರೆ. ಅವರ ಅತ್ತೆ ಒಮ್ಮೆ ಒಳಗೆ ಜಾರಿಬಿದ್ದಾಗ ಬಾಗಿಲು ಒಡೆಯಬೇಕಾಯಿತು, ಅಂದಿನಿಂದ ಚಿಲಕವಿಲ್ಲ. ಹೊರಗೆ ರೀಲಕ್ಕನ ಚಪ್ಪಲಿ ಇದ್ದರೆ ಬಾಗಿಲು ಮುಟ್ಟಬಾರದು, ಇದು ಮನೆಯ ಕಾಯಿದೆ.

ಇಂದಿನ ರೀಲು ಒಬ್ಬ ಹುಡುಗಿಯದು. ತನ್ನ ತಾತ ಮೆಟ್ಟಿಲು ಹತ್ತುವುದನ್ನು ತೆಗೆದಿದ್ದಾಳೆ. ಮರುವಾರವೇ ತಾತ ಹಾಸಿಗೆ ಹಿಡಿದಿದ್ದಾರೆ. ಇನ್ನೊಮ್ಮೆ ತೆಗೆಯುವ ಮಾತೇ ಇಲ್ಲ.

ನಿದ್ದೆಗಣ್ಣಿನಲ್ಲಿ ಬಂದ ಅತ್ತೆ, ನಾನು ಏಳುವಷ್ಟರಲ್ಲಿ, ಬಾಗಿಲು ತೆಗೆದೇಬಿಡುತ್ತಾರೆ. ನಡುಮನೆಯ ದೀಪದ ಬೆಳಕು ನೇರ ಬಕೆಟ್ಟಿಗೆ. ಕಾಲಿಗೆ ಸಿಗುತ್ತದೆಂದು ಚಪ್ಪಲಿಯನ್ನು ಸ್ಟೂಲಿನಡಿಗೆ ಸರಿಸಿದ್ದು ನಾನೇ.

"ಬಾಗಿಲು ಹಾಕಿ ಅತ್ತೆ," ಎನ್ನುತ್ತದೆ ರೀಲಕ್ಕನ ದನಿ. ಎಣಿಕೆ ನಿಂತಿದೆ. ಒಳಗೆ ನಲ್ಲಿ ತಿರುಗುವ ಸದ್ದು. ಆಮೇಲೆ ಮತ್ತೆ ಒಂದರಿಂದ ಎಣಿಕೆ, ಈ ಸಲ ನಿಧಾನವಾಗಿ.

"ಫಿಲ್ಮ್ ಪೂರ್ತಿ ಕಪ್ಪಾಗದಿರ್ಲಿ, ಔಷಧಿ ಜೋರು ಕಮ್ಮಿಯಾಗ್ಲಿ ಅಂತ ತಣ್ಣೀರು ಸುರಿದೆ. ಎಲ್ಲಿ ನಿಲ್ಲಿಸ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ. ಅಂದಾಜು," ಎನ್ನುತ್ತಾರೆ ಹೊರಬಂದ ಮೇಲೆ.

ಏಳಕ್ಕೆ ಹುಡುಗಿ ಬರುತ್ತಾಳೆ. ಬಟ್ಟೆ ಒಣಹಾಕುವ ಹಗ್ಗದಲ್ಲಿ ಫಿಲ್ಮ್ ತೂಗುತ್ತಿದೆ. "ಬೆಳಕು ಬಿತ್ತಮ್ಮ. ತಪ್ಪು ನಮ್ಮನೇದು," ಎಂದು ರೀಲಕ್ಕ ಮೊದಲೇ ಹೇಳಿಬಿಡುತ್ತಾರೆ. ಚಪ್ಪಲಿಯ ವಿಷಯ ನಾನು ತಡವರಿಸುತ್ತ ಒಪ್ಪಿಕೊಳ್ಳುತ್ತೇನೆ. ಹುಡುಗಿಗೆ ನಮ್ಮಿಬ್ಬರ ಮಾತೂ ಬೇಕಿಲ್ಲ. ಭೂತಗನ್ನಡಿ ಹಿಡಿದು ಒಂದೊಂದೇ ಚೌಕ ನೋಡುತ್ತಾಳೆ.

"ಮೆಟ್ಟಿಲೇ ಅಳಿಸಿಹೋಗಿದೆ," ಎನ್ನುತ್ತಾಳೆ. ನಾನು ತಲೆ ತಗ್ಗಿಸುತ್ತೇನೆ. "ತಾತ ಬರೀ ಗಾಳೀಲಿ ಹತ್ತುತ್ತಿದ್ದಾರೆ." ಕಣ್ಣೊರೆಸಿಕೊಂಡು ಮತ್ತೆ ನೋಡುತ್ತಾಳೆ. "ಹೀಗೇ ಇರ್ಲಿ ಅಕ್ಕ. ನಾನು ಬೇಕಂತಲೇ ಮಾಡಿದ್ರೂ ಹೀಗೆ ಬರ್ತಿರಲಿಲ್ಲ. ಚಿತ್ರದ ಕೊನೇಲಿ ನಿಮ್ಮ ಹೆಸರು ಹಾಕ್ತೀನಿ."

ಇಷ್ಟು ವರ್ಷಗಳಲ್ಲಿ ಯಾವ ಚಿತ್ರದಲ್ಲೂ ಬಾರದ ಹೆಸರು ಅದು. ರೀಲಕ್ಕ ಅಡುಗೆಮನೆಯ ಕಡೆ ನೋಡುತ್ತಾರೆ. ಅಲ್ಲಿ ಅತ್ತೆ ಗೋಡೆಗೆ ಮುಖ ಮಾಡಿ ಕುಳಿತಿದ್ದಾರೆ.

"ನಂದು ಆಮೇಲೆ ನೋಡೋಣ. ಬಾಗಿಲು ತೆಗೆದೋರು ಅಂತ ಅತ್ತೆ ಹೆಸರು ಹಾಕಮ್ಮ. ಈಗಲೇ ಹೋಗಿ ಹೇಳು. ಬೆಳಗ್ಗೆಯಿಂದ ಟೀ ಮುಟ್ಟಿಲ್ಲ ಅವರು."